ಕುದುರೆಯ ಕೇಸರ: ಒಪ್ಪವೂ ಇರಲಿ, ನೋವೂ ತಪ್ಪಲಿ

ಮೈಸೂರು ದಸರಾ ಮೆರವಣಿಗೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸ್ ದಳವನ್ನು ಕಂಡವರೆಲ್ಲ ಕುದುರೆಗಳ ಠೀವಿಯನ್ನು ಮೆಚ್ಚುತ್ತಾರೆ. ಅಂಥ ಠೀವಿಯ ಹಿಂದೆ ಲಾಯದ ನಿತ್ಯದ ದುಡಿಮೆಯಿರುತ್ತದೆ. ಕೇಸರದ, ಅಂದರೆ ಕತ್ತಿನ ಮೇಲಿನ ಜೂಲಿನ ಆರೈಕೆಯೂ ಅದರಲ್ಲಿ ಸೇರಿದೆ.

ಕೇಸರ ಬರೀ ಅಲಂಕಾರವಲ್ಲ. ಅದು ನೊಣಗಳನ್ನು ದೂರವಿಡುತ್ತದೆ, ಮಳೆಯ ನೀರು ಕತ್ತಿನಿಂದ ಜಾರಿಹೋಗಲು ನೆರವಾಗುತ್ತದೆ. ಮೈಗೂದಲಿನಂತೆ ಋತುವಿಗೊಮ್ಮೆ ಉದುರದೆ ಬೆಳೆಯುತ್ತಲೇ ಇರುತ್ತದೆ. ಹಾಗೆ ಬೆಳೆದ ಕೇಸರ ಬೆವರು, ಧೂಳು ಸೇರಿ ಗಂಟುಗಟ್ಟುತ್ತದೆ. ಸವಾರಿಯ ವೇಳೆ ಲಗಾಮಿಗೂ ತೊಡಕಾಗುತ್ತದೆ. ಆದ್ದರಿಂದ ಅದನ್ನು ಮಿತಿಯಲ್ಲಿಡುವುದು ಅಗತ್ಯ.

ಕೀಳುವ ಕ್ರಮ

ಕತ್ತರಿಯಿಂದ ಅಡ್ಡಲಾಗಿ ಕತ್ತರಿಸಿದರೆ ಅಂಚು ಮೊಂಡಾಗಿ ಕಾಣುತ್ತದೆ, ಕೂದಲಿನ ದಟ್ಟಣೆಯೂ ತಗ್ಗುವುದಿಲ್ಲ. ಹೀಗಾಗಿ ಬ್ರಿಟನ್ನಿನ ಲಾಯಗಳಲ್ಲಿ ಕೂದಲನ್ನು ಕೀಳುವ ಪದ್ಧತಿ ಬೇರೂರಿತು. ಒಳಪದರದ ಉದ್ದನೆಯ ಕೆಲವೇ ಎಳೆಗಳನ್ನು ಹಿಡಿದು, ಉಳಿದುದನ್ನು ಬಾಚಣಿಗೆಯಿಂದ ಮೇಲಕ್ಕೆ ಸರಿಸಿ, ಹಿಡಿದ ಎಳೆಗಳನ್ನು ಅದೇ ಬಾಚಣಿಗೆಗೆ ಸುತ್ತಿ ಸೆಳೆಯಲಾಗುತ್ತದೆ. ಸ್ಪರ್ಧೆಯ ಕುದುರೆಗೆ ಜಡೆ ಹೆಣೆಯಲು ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ ಉಳಿಸುವುದು ವಾಡಿಕೆ.

ಕೆಲವು ಕುದುರೆಗಳು ಇದನ್ನು ಸಹಿಸಿ ನಿಲ್ಲುತ್ತವೆ. ಇನ್ನು ಕೆಲವು ತಲೆ ಕೊಡವಿ ಹಿಂದೆ ಸರಿಯುತ್ತವೆ. ಅದನ್ನು ಹಟವೆಂದು ಗದರಿಸುವುದು ಸಲ್ಲದು. ಕತ್ತಿನ ಬುಡ ಹಾಗೂ ಹೆಗಲು, ಕುದುರೆಗಳು ಸ್ನೇಹದಿಂದ ಪರಸ್ಪರ ಕೆರೆದುಕೊಳ್ಳುವ ಜಾಗ. ಅಲ್ಲಿ ಕೆರೆದಾಗ ಕುದುರೆಯ ಹೃದಯ ಬಡಿತ ಇಳಿಯುತ್ತದೆಂದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನೆಮ್ಮದಿ ನೀಡುವ ಆ ಭಾಗದಲ್ಲಿ ನೋವುಂಟುಮಾಡಿದರೆ, ಆರೈಕೆ ಮಾಡುವವನ ಮೇಲಿನ ವಿಶ್ವಾಸವೇ ಕುಸಿಯಬಹುದು. ಅಲಗು ಅಳವಡಿಸಿದ ಬಾಚಣಿಗೆಯಿಂದ ಕೂದಲನ್ನು ಕೀಳದೆಯೇ ತೆಳುವಾಗಿಸಬಹುದು.

ಬೋಳಿಸುವುದೂ ಉಂಟು

ಕೋಲಿಗೂ ಲಗಾಮಿಗೂ ಸಿಲುಕದಿರಲೆಂದು ಪೋಲೊ ಕುದುರೆಗಳ ಕೇಸರವನ್ನು ಪೂರ್ತಿ ಬೋಳಿಸುತ್ತಾರೆ. ನಾರ್ವೆಯ ಫ್ಯೋರ್ಡ್ ತಳಿಯ ಕೇಸರದಲ್ಲಿ ನಡುವೆ ಕಪ್ಪು, ಎರಡೂ ಬದಿಗೆ ಬಿಳಿ ಕೂದಲು. ಅಲ್ಲಿ ಅದನ್ನು ನೆಟ್ಟಗೆ ನಿಲ್ಲುವಷ್ಟು ಗಿಡ್ಡವಾಗಿ ಕತ್ತರಿಸಿ, ಕಪ್ಪು ಪಟ್ಟಿ ತುಸು ಎತ್ತರವಾಗಿ ಎದ್ದುಕಾಣುವಂತೆ ಮಾಡುತ್ತಾರೆ. ಆದರೆ ಬೋಳಿಸಿದ ಕೇಸರ ಮೊದಲಿನಂತಾಗಲು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟು ದಿನವೂ ನೊಣಗಳೆದುರು ಕತ್ತಿಗೆ ರಕ್ಷಣೆಯಿರದು.

ಅಂದಕ್ಕೂ ಮಿತಿಯಿರಬೇಕೆಂಬ ವಿವೇಕ ಈಗ ನಿಯಮದ ರೂಪವನ್ನೂ ಪಡೆದಿದೆ. ಬಾಯಿ, ಕಣ್ಣುಗಳ ಸುತ್ತಲಿನ ಸ್ಪರ್ಶ ಸಂವೇದಿ ರೋಮಗಳನ್ನು ಬೋಳಿಸಿದ ಕುದುರೆಗಳಿಗೆ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2021ರ ಜುಲೈ 1ರಿಂದ ಸ್ಪರ್ಧೆಯನ್ನು ನಿಷೇಧಿಸಿತು. ಕೇಸರಕ್ಕೆ ಈ ನಿಷೇಧ ಅನ್ವಯಿಸದು. ಅಲ್ಲಿ ನಿರ್ಧಾರ ಆರೈಕೆದಾರನ ಕೈಯಲ್ಲೇ ಇದೆ.

ಕತ್ತರಿ ಹಿಡಿಯುವ ಮುನ್ನ ಚರ್ಮವನ್ನು ಪರೀಕ್ಷಿಸುವುದು ಒಳಿತು. ಕುದುರೆ ಕತ್ತನ್ನು ಮತ್ತೆ ಮತ್ತೆ ಉಜ್ಜಿಕೊಂಡು ಕೇಸರ ಹರಿದಿದ್ದರೆ, ಅದು ಸಣ್ಣ ಕೀಟಗಳ ಕಡಿತದಿಂದಾದ ಅಲರ್ಜಿಯ ಲಕ್ಷಣವಿರಬಹುದು. ಅಂಥ ಕುದುರೆಗೆ ಮೊದಲು ಬೇಕಾದವರು ಪಶುವೈದ್ಯರು. ಬಾಚಣಿಗೆಯ ಸರದಿ ಆಮೇಲಿನದು.