ಹಾಲೂಡಿಸುವ ತಾಯಿ ಮೈ ಇಳಿಸಬಹುದೆ?

ಬಾಣಂತನ ಮುಗಿಸಿಕೊಂಡು ತವರಿನಿಂದ ಮುಂಬಯಿಗೋ ಪುಣೆಗೋ ಹಿಂದಿರುಗಿದ ಹೆಣ್ಣುಮಗಳಿಗೆ ಎರಡು ಬಗೆಯ ಬುದ್ಧಿಮಾತು ಸಿಕ್ಕುತ್ತದೆ. "ಕೂಸು ಹಾಲು ಕುಡಿಯುತ್ತಿದೆ, ತುಪ್ಪ ಹಾಕಿಕೊಂಡು ಹೊಟ್ಟೆ ತುಂಬ ಉಣ್ಣು" ಎಂಬುದು ಊರಿನ ಹಿರಿಯರ ಮಾತು. "ಮೈ ಬಂದುಬಿಟ್ಟಿದೆ, ಹಾಲು ಬಿಡಿಸಿ ಊಟ ಕಡಿಮೆ ಮಾಡು" ಎಂಬುದು ನೆರೆಹೊರೆಯವರ ಮಾತು. ಮೊದಲನೆಯದನ್ನು ಕೇಳಿದರೆ ಮೈ ಬೆಳೆಯುತ್ತಲೇ ಹೋಗುತ್ತದೆ. ಎರಡನೆಯದನ್ನು ಕೇಳಿದರೆ ಕೂಸಿಗೆ ನಷ್ಟ. ಪರಊರಿನಲ್ಲಿ ಕೇಳಲು ಹಿರಿಯರಿಲ್ಲದ ಸಂಸಾರಗಳಿಗೆ ಈ ವಿಷಯವನ್ನು ಲೆಕ್ಕ ಹಾಕಿ ತಿಳಿಸುವುದು ಈ ಲೇಖನದ ಉದ್ದೇಶ.

ಹಾಲು ಬರಿಗೈಯಿಂದ ಹುಟ್ಟುವುದಿಲ್ಲ. ತಾಯಿಯ ಊಟದಿಂದಲೂ, ಬಸಿರಿನಲ್ಲಿ ಆಕೆಯ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೂ ಅದು ತಯಾರಾಗಬೇಕು. ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ, 55 ಕಿಲೋ ತೂಕದ, ಹಗುರ ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲರಿ ಸಾಕು. ಹಾಲೂಡಿಸುವವಳಿಗೆ ಮೊದಲ 6 ತಿಂಗಳು ಇದರ ಮೇಲೆ 600, ಮುಂದಿನ 6 ತಿಂಗಳು 520 ಕ್ಯಾಲರಿ ಹೆಚ್ಚಾಗಿ ಬೇಕು. ಕೂಸು ರಾಗಿ ಸರಿ, ಅನ್ನ, ಬೇಳೆ ತಿನ್ನಲು ಕಲಿತಂತೆ ಹಾಲಿನ ಪಾಲು ಕ್ರಮೇಣ ತಗ್ಗುತ್ತದೆ. ಆರರಿಂದ ಹನ್ನೆರಡು ತಿಂಗಳವರೆಗೆ ಕೂಸಿಗೆ ಬೇಕಾದ ಶಕ್ತಿಯ ಸುಮಾರು ಅರ್ಧ, ಎರಡನೆಯ ವರ್ಷದಲ್ಲಿ ಸುಮಾರು ಮೂರನೆಯ ಒಂದು ಪಾಲು ತಾಯಿಯ ಹಾಲಿನಿಂದ ದೊರೆಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಕೂಸು ಕುಡಿಯುವುದು ತಗ್ಗಿದರೂ ತಾಯಿಯ ತಟ್ಟೆ ತಗ್ಗುವುದಿಲ್ಲ. ಅಂಟಿನುಂಡೆ, ಕೊಬ್ಬರಿ, ಬೆಲ್ಲ, ತುಪ್ಪ ಇವೆಲ್ಲ ಹೆರಿಗೆಯ ದಣಿವು ಆರಲೆಂದು ನಮ್ಮ ಹಿರಿಯರು ಕೆಲವು ವಾರಗಳಿಗೆ ಏರ್ಪಡಿಸಿದ ಆಹಾರ. ಬಾಣಂತನ ಮುಗಿದ ಮೇಲೆ ಹಳ್ಳಿಯ ಹೆಂಗಸು ಹೊಲಕ್ಕೆ ಹೋಗುತ್ತಿದ್ದಳು, ನೀರು ಸೇದುತ್ತಿದ್ದಳು, ಬೀಸುತ್ತಿದ್ದಳು. ನಗರದ ಒಂದೇ ಕೋಣೆಯ ಮನೆಯಲ್ಲಿ ಆ ನಡಿಗೆ ಎಲ್ಲಿಂದ ಬರಬೇಕು? ಮೇಲಾಗಿ ರಾತ್ರಿಯ ನಿದ್ರೆಗೇಡು, ಆ ಜಡ ಕಳೆಯಲು ಹಗಲೆಲ್ಲ ಚಹ, ಕೂಸು ಬಿಟ್ಟ ಅನ್ನ ಚೆಲ್ಲಲಾರದೆ ಬಾಯಿಗೆ ಹಾಕಿಕೊಳ್ಳುವ ರೂಢಿ. ತೂಕ ನಿಲ್ಲುವುದು ಹೀಗೆ.

ಆದರೆ ಎಲ್ಲರೂ ಮೈ ಇಳಿಸತಕ್ಕದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಮಿತಿಮೀರಿದ ತೂಕದವರಾಗಿಯೂ, ಸುಮಾರು 19 ಮಂದಿ ತೀರ ಕೃಶರಾಗಿಯೂ ಕಂಡುಬಂದರು. ರಕ್ತಹೀನತೆ 57 ಮಂದಿಗಿತ್ತು. ಆದುದರಿಂದ ಮೊದಲು ಅಳೆದು ನೋಡಬೇಕು. ಐದಡಿ ಎತ್ತರದ ಹೆಂಗಸು 43 ಕಿಲೋಗಿಂತ ಕಡಿಮೆ ಇದ್ದರೆ ಆಕೆಗೆ ಬೇಕಾದುದು ಊಟವೇ ಹೊರತು ಪಥ್ಯವಲ್ಲ. 53ರವರೆಗೆ ಸರಿಯಾದ ತೂಕ. ಭಾರತೀಯರ ಅಳತೆಯಲ್ಲಿ ಅಲ್ಲಿಂದಾಚೆಗೆ ತೂಕ ಹೆಚ್ಚು. 58 ದಾಟಿದರೆ ಬೊಜ್ಜು. ದಪ್ಪಗಿರುವವರಲ್ಲಿಯೂ ರಕ್ತಹೀನತೆ ಇರಬಹುದೆಂಬುದನ್ನು ಮರೆಯಬಾರದು.

ಇಳಿಸಿದರೆ ಹಾಲು ಬತ್ತುವುದೆ? ಈ ಭಯಕ್ಕೆ ಉತ್ತರ ಹುಡುಕಲು ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ತೂಕ ಹೆಚ್ಚಾಗಿದ್ದ 40 ಮಂದಿ ತಾಯಂದಿರನ್ನು ಪರೀಕ್ಷೆಗೆ ತೆಗೆದುಕೊಂಡರು. ಒಂದು ಗುಂಪಿನವರು ದಿನಕ್ಕೆ 500 ಕ್ಯಾಲರಿ ಕಡಿಮೆ ಉಂಡು, ವಾರಕ್ಕೆ ನಾಲ್ಕು ದಿನ 45 ನಿಮಿಷ ವ್ಯಾಯಾಮ ಮಾಡಿದರು. ಹತ್ತು ವಾರಗಳಲ್ಲಿ ಅವರ ತೂಕ ಸರಾಸರಿ 4.8 ಕಿಲೋ ಇಳಿಯಿತು. ಅವರ ಕೂಸುಗಳ ತೂಕವೂ ಉದ್ದವೂ ಉಳಿದ ಕೂಸುಗಳಂತೆಯೇ ಬೆಳೆದವು. 2000ದಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿದ್ದವು ಬರಿಯ ಮೊಲೆಹಾಲನ್ನೇ ನೆಚ್ಚಿದ ಎಳೆಯ ಕೂಸುಗಳು. ಅನ್ನ ತಿನ್ನುವ ದೊಡ್ಡ ಕೂಸಿನ ತಾಯಿಗೆ ಭಯ ಇನ್ನೂ ಕಡಿಮೆ. ಕೂಸು ಎಷ್ಟು ಕುಡಿಯುತ್ತದೆಯೋ ಅಷ್ಟಕ್ಕೆ ತಕ್ಕಂತೆ ಹಾಲು ಹುಟ್ಟುತ್ತದೆ. ವಾರಕ್ಕೆ ಅರ್ಧ ಕಿಲೋ ಎಂಬುದು ಮೇಲಿನ ಮಿತಿ. ಅದನ್ನು ಮೀರುವ ಆತುರ ಬೇಡ.

ಇನ್ನು ದಾರಿ ಯಾವುದು? ಒಂದು ಚಿಕ್ಕ ಚಮಚ ಸಕ್ಕರೆಯಲ್ಲಿ 20 ಕ್ಯಾಲರಿ. ದಿನಕ್ಕೆ ಐದು ಲೋಟ ಚಹ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 200 ಆಯಿತು. ಅದನ್ನು ಒಂದೊಂದು ಚಮಚಕ್ಕೆ ಇಳಿಸಿದರೆ 100 ಉಳಿಯಿತು. ಎರಡು ಊಟಕ್ಕೂ ಒಂದೊಂದು ದೊಡ್ಡ ಚಮಚ ತುಪ್ಪ ಹಾಕುವ ಕಡೆ ಚಿಕ್ಕ ಚಮಚ ಹಾಕಿದರೆ 170 ಉಳಿಯಿತು. ಅರ್ಧ ಗಂಟೆಯ ಚುರುಕು ನಡಿಗೆಗೆ ಸುಮಾರು 100 ಖರ್ಚಾಗುತ್ತದೆ. ಹಸಿವು ಕಾಣದೆ ದಿನಕ್ಕೆ 370 ಕ್ಯಾಲರಿ ಕಳೆದಂತಾಯಿತು. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲರಿ. ಆ ಲೆಕ್ಕದಲ್ಲಿ ತಿಂಗಳಿಗೆ ಒಂದು ಕಿಲೋಗೂ ಮೇಲೆಯೇ ಇಳಿಯಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ. ಸಕ್ಕರೆ ತುಪ್ಪದ ದುಡ್ಡೂ ಉಳಿಯುತ್ತದೆ.

ಕಡಿಮೆ ಮಾಡುವುದು ಇವನ್ನು ಮಾತ್ರ. ಬೇಳೆ, ಕಾಳು, ಸೊಪ್ಪು, ಮಜ್ಜಿಗೆ, ಒಗ್ಗುವವರಿಗೆ ಮೊಟ್ಟೆ ಮೀನು ಇವನ್ನು ಬಿಡಕೂಡದು. ಹಾಲೂಡಿಸುವವಳಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದಂಶ ಬೇಕು. ನೂರು ಗ್ರಾಂ ರಾಗಿಯಲ್ಲಿಯೇ 300 ಮಿಲಿಗ್ರಾಂಗೂ ಹೆಚ್ಚು ಇದೆ. ನಿರಾಹಾರ ವ್ರತ, ಮೈ ಕರಗಿಸುವ ಮಾತ್ರೆ, ಜಾಹೀರಾತಿನ ಪುಡಿ, ಇವು ಹಾಲೂಡಿಸುವವಳಿಗೆ ಸಲ್ಲ. ಹೊಟ್ಟೆಗೆ ಬಟ್ಟೆ ಬಿಗಿದರೆ ಕೊಬ್ಬು ಕರಗುವುದಿಲ್ಲ. ನಡೆದು ಬಂದವಳ ಹಾಲು ಕೂಸಿಗೆ ಕೆಡುಕು ಎಂಬುದೂ ಸುಳ್ಳು; ಹೊರಡುವ ಮುನ್ನ ಹಾಲೂಡಿಸಿದರೆ ನಡೆಯಲು ಹಗುರವಾಗುತ್ತದೆ, ಅಷ್ಟೆ. ಮೈ ಇಳಿಸುವುದಕ್ಕೆಂದು ಹಾಲು ಬಿಡಿಸುವುದಂತೂ ಬೇಡವೇ ಬೇಡ. ಎರಡು ವರ್ಷ, ಬೇಕಾದರೆ ಅದಕ್ಕೂ ಮೇಲೆ ಹಾಲೂಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎಚ್ಚರಿಕೆಯ ಗುರುತುಗಳೂ ಉಂಟು. ತಿಂಗಳಿಗೊಮ್ಮೆ ಕೂಸನ್ನು ಅಂಗನವಾಡಿಯಲ್ಲಿಯೋ ದವಾಖಾನೆಯಲ್ಲಿಯೋ ತೂಗಿಸಿರಿ. ಕೂಸಿನ ತೂಕ ಏರದಿದ್ದರೆ, ತಾಯಿಗೆ ತಲೆಸುತ್ತು, ವಿಪರೀತ ದಣಿವು ಕಂಡರೆ ಪಥ್ಯ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಊಟ ಹಿಡಿತದಲ್ಲಿದ್ದರೂ ತೂಕ ಏರುತ್ತಿದ್ದರೆ ಥೈರಾಯಿಡ್ ಪರೀಕ್ಷೆ ಅಗತ್ಯ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಂಡಿದ್ದವರು ಹೆರಿಗೆಯ ಬಳಿಕವೂ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಅಂಥವರಿಗೆ ತೂಕ ಇಳಿಸುವುದು ಅಂದಚಂದದ ಮಾತಲ್ಲ, ಮುಂದಿನ ಆಯುಷ್ಯದ ಮಾತು.

ಕಡೆಯದಾಗಿ ಗಂಡಸರಿಗೆ ಒಂದು ಮಾತು. ಆಕೆ ಅರ್ಧ ಗಂಟೆ ನಡೆಯಬೇಕಾದರೆ ಆ ಅರ್ಧ ಗಂಟೆ ಕೂಸನ್ನು ಯಾರಾದರೂ ಎತ್ತಿಕೊಳ್ಳಬೇಕು. ಆಕೆ ಕಾಳು ಸೊಪ್ಪು ಉಣ್ಣಬೇಕಾದರೆ ಎಲ್ಲರಿಗೂ ಬಡಿಸಿ ಮಿಕ್ಕುದನ್ನು ಆಕೆಗೆ ಬಿಡುವ ಪದ್ಧತಿ ಹೋಗಬೇಕು. ಹಾಲು ತಾಯಿಯೇ ಕೊಡಬೇಕು. ಉಳಿದ ದುಡಿಮೆಯನ್ನು ಹಂಚಿಕೊಳ್ಳಬಹುದು.