ಮೇಜಿನ ಮೇಲೊಂದು ಹಳೆಯ ರಾಯಚೂರು

ಕೀಲಿ ಕೊಟ್ಟರೆ ಓಡುವ ಆಟದ ರೈಲು ಯಾವ ಊರಿನದೂ ಅಲ್ಲ, ಯಾವ ಕಾಲದ್ದೂ ಅಲ್ಲ. ನಿಜವಾದ ಒಂದು ನಿಲ್ದಾಣವನ್ನು, ಒಂದು ನಿಶ್ಚಿತ ವರ್ಷದಲ್ಲಿ ಅದು ಇದ್ದಂತೆಯೇ, ಅಳತೆಗೆ ತಕ್ಕಂತೆ ಮನೆಯಲ್ಲಿ ನಿರ್ಮಿಸುವುದು ಬೇರೆಯೇ ಒಂದು ಹವ್ಯಾಸ. ಅದಕ್ಕೆ ರಾಯಚೂರಿನಂತಹ ವಸ್ತು ಕನ್ನಡನಾಡಿನಲ್ಲಿ ಅಪರೂಪ.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯೂ 1871ರಲ್ಲಿ ಸಂಧಿಸಿದ್ದು ಇಲ್ಲಿಯೇ. ಉತ್ತರದಲ್ಲಿ ಕೃಷ್ಣೆಯನ್ನೂ ದಕ್ಷಿಣದಲ್ಲಿ ತುಂಗಭದ್ರೆಯನ್ನೂ ದಾಟಿ ಬಂದ ಹಳಿಗಳು ಎಡೆದೊರೆ ನಾಡಿನಲ್ಲಿ ಒಂದಾದವು.

ಮಾದರಿಯನ್ನು ಕಟ್ಟಹೊರಟವರಿಗೆ ಮೊದಲ ತೊಡಕು ಹಳಿಯದು. ಸುಲಭವಾಗಿ ದೊರೆಯುವ ಎಚ್‌ಓ ಮಾದರಿ ನಿಜವಾದುದರ 87ನೆಯ ಒಂದು ಪಾಲು. ಅದರ ಹಳಿಗಳ ಅಂತರ 16.5 ಮಿಲಿಮೀಟರು. ಇದು ಯೂರೋಪಿನ 1,435 ಮಿಲಿಮೀಟರು ಹಳಿಗೆ ಒಪ್ಪುವ ಲೆಕ್ಕ. ರಾಯಚೂರಿನದು 1,676 ಮಿಲಿಮೀಟರಿನ ಬ್ರಾಡ್‌ಗೇಜು. ಅದೇ ಪ್ರಮಾಣದಲ್ಲಿ 19.3 ಮಿಲಿಮೀಟರು ಬೇಕಾಗುತ್ತದೆ. ಆದುದರಿಂದ ಹಳಿಯನ್ನು ಕೈಯಾರೆ ಜೋಡಿಸಬೇಕು. ಇಲ್ಲವೆ ಕೊಂಡ ಹಳಿಯನ್ನೇ ಇಟ್ಟುಕೊಂಡು, ಗಾಡಿ ಕಟ್ಟಡಗಳನ್ನೆಲ್ಲ 100ನೆಯ ಒಂದು ಪಾಲಿಗೆ ಇಳಿಸಬೇಕು. ಆಗ ಅಳತೆ ಬಹುಮಟ್ಟಿಗೆ ಸರಿಹೋಗುತ್ತದೆ.

ಎರಡನೆಯದು ಕಾಲ. 1955 ಎಂದು ಗೊತ್ತುಮಾಡಿಕೊಂಡರೆ, 1947ರಲ್ಲಿ ಭಾರತಕ್ಕೆ ಬಂದ ಡಬ್ಲ್ಯು.ಪಿ. ಉಗಿ ಇಂಜಿನ್ನಿಗೆ ಎಡೆಯುಂಟು, 1962ರ ಡಬ್ಲ್ಯು.ಡಿ.ಎಂ.-2 ಡೀಸೆಲಿಗೆ ಇಲ್ಲ. ಇಂದು ಹಳಿಯ ಮೇಲೆ ಕಾಣುವ ವಿದ್ಯುತ್ ತಂತಿಯೂ ಇರಕೂಡದು. ರಾಯಚೂರು ಆಗ ಹೈದರಾಬಾದ್ ರಾಜ್ಯದ ಊರು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಾಮಫಲಕದ ಲಿಪಿಗಳನ್ನು ಊಹೆಯಿಂದ ಬರೆಯದೆ, ಆ ಕಾಲದ ಛಾಯಾಚಿತ್ರವನ್ನು ನೋಡಿಯೇ ಬರೆಯಬೇಕು.

ಮೂರನೆಯದು ಸಂಯಮ. ಮಾನ್ವಿಗಾಗಲಿ ದೇವದುರ್ಗಕ್ಕಾಗಲಿ ಆಗ ರೈಲು ಇರಲಿಲ್ಲ. ಅಂದಕ್ಕೆಂದು ಅತ್ತ ಒಂದು ಹಳಿಯನ್ನು ಎಳೆದರೆ ಅದು ಸುಳ್ಳಾಗುತ್ತದೆ. ಒಂದು ಕಿಲೋಮೀಟರಿಗೆ 10 ಮೀಟರು ಬೇಕಾಗುವ ಲೆಕ್ಕದಲ್ಲಿ ಆ ಊರುಗಳು ಕೋಣೆಯಲ್ಲಿ ಹಿಡಿಸುವುದೂ ಇಲ್ಲ. ಆದರೆ ನಿಲ್ದಾಣದ ಹೊರಗೆ ಹತ್ತಿ ಹೇರಿದ ಎತ್ತಿನ ಬಂಡಿಯನ್ನೂ, ಗಂಟುಮೂಟೆಯೊಡನೆ ಗಾಡಿಗೆ ಕಾದು ಕುಳಿತ ಸಂಸಾರವನ್ನೂ ಇರಿಸಿದರೆ, ಆ ತಾಲ್ಲೂಕುಗಳ ಜನ ಅಲ್ಲಿಗೆ ಬಂದಂತೆಯೇ.

ಇಂಜಿನ್ನಿನ ಅಳತೆ ಪುಸ್ತಕದಲ್ಲಿ ದೊರೆಯುತ್ತದೆ. ನೀರಿನ ತೊಟ್ಟಿ ಎಲ್ಲಿತ್ತು, ಜಟಕಾಗಳು ಯಾವ ಮರದಡಿ ನಿಲ್ಲುತ್ತಿದ್ದವು ಎಂಬುದನ್ನು ಕಂಡವರೇ ಹೇಳಬೇಕು. 1955ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಹಲಗೆಗೆ ಮೊದಲ ಮೊಳೆ ಹೊಡೆಯುವ ಮುನ್ನ ಅವರ ಬಳಿ ಕುಳಿತು, ಕೇಳಿದ್ದನ್ನು ಬರೆದಿಟ್ಟುಕೊಳ್ಳುವುದು ಲೇಸು. ಹಳಿಯನ್ನು ಮುಂದಿನ ವರ್ಷವೂ ಹಾಕಬಹುದು.