ಈಜುಕೊಳ ಕಟ್ಟಿದ ಕಾದಂಬರಿಕಾರ

ಕಥೆ, ಕವಿತೆ ಅಂತ ಓಡಾಡುವ ಎಂಜಿನಿಯರಿಂಗ್ ಹುಡುಗರಿಗೆ ಮನೆಯಲ್ಲೂ ಹಾಸ್ಟೆಲ್‌ನಲ್ಲೂ ಬೀಳೋ ಪ್ರಶ್ನೆ ಒಂದೇ: "ಇದೆಲ್ಲ ಬಿಟ್ಟು ಓದ್ಕೋಬಾರದಾ?" ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಫ್ರಿಶ್‌ನನ್ನು ಯಾರೂ ಹಾಗೆ ಕೇಳಬೇಕಾಗಲಿಲ್ಲ. ಬಿಡ್ತೀನಿ ಅಂತ ಅವನೇ ತೀರ್ಮಾನ ಮಾಡಿದ್ದ.

ಹುಟ್ಟಿದ್ದು 1911ರಲ್ಲಿ, ಜ್ಯೂರಿಚ್‌ನಲ್ಲಿ. ಅಪ್ಪ ಆರ್ಕಿಟೆಕ್ಟ್. ಮಗ ಸೇರಿದ್ದು ಮಾತ್ರ ಜರ್ಮನ್ ಸಾಹಿತ್ಯಕ್ಕೆ. 1932ರಲ್ಲಿ ಅಪ್ಪ ತೀರಿಹೋದ ಮೇಲೆ ಪತ್ರಿಕೆಗಳಿಗೆ ಬರೆದು ಜೀವನ ಸಾಗಿಸಿದ. 1934ರಲ್ಲಿ ಮೊದಲ ಕಾದಂಬರಿ ಬಂತು. ಆದರೆ ಸ್ವಲ್ಪ ಕಾಲದಲ್ಲೇ ತನ್ನ ಬರವಣಿಗೆಯ ಮೇಲೆ ತನಗೇ ನಂಬಿಕೆ ಹೋಗಿ, ಹಸ್ತಪ್ರತಿಗಳನ್ನೆಲ್ಲ ಸುಟ್ಟು ಹಾಕಿದ. ಗೆಳೆಯನೊಬ್ಬ ಫೀಸು ಕಟ್ಟಿದ. ಐನ್‌ಸ್ಟೈನ್ ಓದಿದ್ದ ಇ.ಟಿ.ಎಚ್. ಜ್ಯೂರಿಚ್‌ನಲ್ಲಿ ಆರ್ಕಿಟೆಕ್ಚರ್ ಓದಿದ. ಇಪ್ಪತ್ತೈದು ವಯಸ್ಸಿಗೆ ಮತ್ತೆ ಮೊದಲನೇ ವರ್ಷ!

ಶಪಥ ನಿಲ್ಲಲಿಲ್ಲ. 1939ರಲ್ಲಿ ಯುದ್ಧ ಶುರುವಾಗಿ ಸೈನ್ಯಕ್ಕೆ ಕರೆ ಬಂತು. ಅಲ್ಲಿ ಡೈರಿ ಬರೆಯತೊಡಗಿದ, ಅದು ಪುಸ್ತಕವೂ ಆಯಿತು. ಅಲ್ಲಿಂದ ಮುಂದೆ ಎರಡೂ ಜೊತೆಗೇ ನಡೆದವು. 1943ರಲ್ಲಿ ಜ್ಯೂರಿಚ್ ನಗರದ ಲೆಟ್ಸಿಗ್ರಾಬೆನ್ ಈಜುಕೊಳದ ವಿನ್ಯಾಸ ಸ್ಪರ್ಧೆ ಗೆದ್ದ. ಕೆಲಸ ಶುರುವಾಗಿದ್ದು 1947ರಲ್ಲಿ, ಕೊಳ ತೆರೆದದ್ದು 1949ರಲ್ಲಿ. ನಡುವೆ ನಾಟಕಗಳು ರಂಗಕ್ಕೆ ಬರ್ತಾನೇ ಇದ್ದವು. ಆಗ ಜ್ಯೂರಿಚ್‌ನಲ್ಲಿದ್ದ ನಾಟಕಕಾರ ಬ್ರೆಕ್ಟ್‌ನನ್ನು ಫ್ರಿಶ್ ತನ್ನ ಸೈಟ್‌ಗೆ ಕರ್ಕೊಂಡು ಹೋಗಿ ತೋರಿಸಿದ್ದೂ ಉಂಟು. 1954ರಲ್ಲಿ 'ಸ್ಟಿಲ್ಲರ್' ಕಾದಂಬರಿ ಗೆದ್ದ ಮೇಲಷ್ಟೇ ಆಫೀಸಿಗೆ ಬೀಗ ಹಾಕಿದ.

ನಮಗೆ ಹತ್ತಿರದ ಪುಸ್ತಕ ಅಂದ್ರೆ 1957ರ 'ಹೋಮೋ ಫಾಬರ್'. ನಾಯಕ ವಾಲ್ಟರ್ ಫಾಬರ್ ಯುನೆಸ್ಕೋದಲ್ಲಿ ಎಂಜಿನಿಯರ್. ವಿಧಿ ಗಿಧಿ ಏನೂ ನಂಬಲ್ಲ. ಎಲ್ಲಕ್ಕೂ ಪ್ರಾಬಬಿಲಿಟಿ ಸಾಕು ಅನ್ನೋ ಆಸಾಮಿ. ಅವನ ವಿಮಾನ ಮೆಕ್ಸಿಕೋದ ಮರುಭೂಮಿಯಲ್ಲಿ ಇಳಿಯಬೇಕಾಗುತ್ತೆ. ಆಮೇಲೆ ಹಡಗಿನಲ್ಲಿ ಸಾಬೆತ್ ಎಂಬ ಹುಡುಗಿ ಸಿಗುತ್ತಾಳೆ, ಪ್ರೇಮ ಬೆಳೆಯುತ್ತೆ. ಅವಳು ತನ್ನದೇ ಮಗಳು ಅಂತ ಅವನಿಗೆ ಗೊತ್ತಿಲ್ಲ. ಲೆಕ್ಕ ಮಾತ್ರ ಹಾಕ್ತಾನೆ — ಆದರೆ ತನಗೆ ಬೇಕಾದ ಉತ್ತರ ಬರೋ ಹಾಗೆ ತಾರೀಖುಗಳನ್ನು ಹೊಂದಿಸಿಕೊಂಡು. ಲ್ಯಾಬ್‌ನಲ್ಲಿ ಗ್ರಾಫ್ ನೇರ ಬರಲಿ ಅಂತ ರೀಡಿಂಗ್ ತಿದ್ದುವವರಿಗೆ ಇದು ಅರ್ಥವಾಗುತ್ತೆ ಬಿಡಿ.

ಗ್ರೀಸ್‌ನ ಕಡಲ ತೀರದಲ್ಲಿ ಸಾಬೆತ್‌ಗೆ ಹಾವು ಕಚ್ಚುತ್ತೆ. ಫಾಬರ್ ಅವಳನ್ನು ಆಸ್ಪತ್ರೆಗೆ ಸಾಗಿಸಿ, ಹಾವು ಕಚ್ಚಿದರೆ ಸಾಯೋರು ಶೇಕಡಾ ಇಷ್ಟೇ ಅಂತ ಅಂಕಿ ಅಂಶ ಹಿಡಿದು ಧೈರ್ಯ ತಂದುಕೊಳ್ಳುತ್ತಾನೆ. ಅಂಕಿ ಅಂಶ ಸುಳ್ಳಲ್ಲ, ವಿಷಕ್ಕೆ ಚಿಕಿತ್ಸೆಯೂ ಸಿಗುತ್ತೆ. ಆದರೂ ಅವಳು ಬದುಕಲ್ಲ. ಹಾವು ಕಚ್ಚಿದ ಮೇಲೆ ಅವಳು ದಿಬ್ಬದಿಂದ ಹಿಂದಕ್ಕೆ ಬಿದ್ದಿದ್ದಳು, ತಲೆಬುರುಡೆ ಬಿರುಕು ಬಿಟ್ಟಿತ್ತು. ಬಿದ್ದದ್ದನ್ನು ಅವನು ಡಾಕ್ಟರಿಗೆ ಹೇಳಿರಲಿಲ್ಲ. ಇಡೀ ಕಾದಂಬರಿ ಅವನದೇ ರಿಪೋರ್ಟ್: ಒಣ ಭಾಷೆ, ತಾರೀಖು, ಸ್ಥಳ, ಸಂಖ್ಯೆ. ಆ ಒಣಭಾಷೆ ಕೊನೆಕೊನೆಗೆ ಒಡೆಯೋದನ್ನ ನೋಡಬೇಕು. ಎಂಜಿನಿಯರನ್ನು ಹೊರಗೆ ನಿಂತು ಗೇಲಿ ಮಾಡುವವನಿಗೆ ಹೀಗೆ ಬರೆಯೋಕೆ ಆಗ್ತಿರಲಿಲ್ಲ. ಸೈಟಿನಲ್ಲಿ ಅಳತೆ ಹಿಡಿದು ನಿಂತವನ ಕೈ ಇದರಲ್ಲಿದೆ.

ನಾಟಕಗಳಲ್ಲಿ ಹೆಸರಾದದ್ದು 1958ರಲ್ಲಿ ರಂಗಕ್ಕೆ ಬಂದ 'ಬೀಡರ್‌ಮನ್ ಮತ್ತು ಬೆಂಕಿ ಹಚ್ಚುವವರು'. ಊರಲ್ಲಿ ಮನೆಗಳು ಸುಟ್ಟುಹೋಗ್ತಾ ಇವೆ. ಬೀಡರ್‌ಮನ್ ತನ್ನ ಅಟ್ಟದಲ್ಲಿ ಇಬ್ಬರಿಗೆ ಜಾಗ ಕೊಡ್ತಾನೆ, ಅವರು ಪೆಟ್ರೋಲ್ ಡ್ರಮ್ ತಂದಿಟ್ಟರೂ ಸುಮ್ಮನಿರ್ತಾನೆ, ಕೊನೆಗೆ ಬೆಂಕಿಪೊಟ್ಟಣವನ್ನೂ ಅವನೇ ಕೊಡ್ತಾನೆ. ಹೆದರಿಕೆ ಮತ್ತು ಮರ್ಯಾದೆ, ಎರಡೇ ಕಾರಣ. ಕಾಲೇಜು ರಂಗಕ್ಕೆ ಹೇಳಿ ಮಾಡಿಸಿದ ನಾಟಕ, ಸೆಟ್ ಖರ್ಚೂ ಕಡಿಮೆ. 1961ರ 'ಆಂಡೋರಾ' ಇನ್ನೂ ಗಂಭೀರ, ಪಾತ್ರಗಳೂ ಜಾಸ್ತಿ.

ಫ್ರಿಶ್ ತೀರಿಕೊಂಡಿದ್ದು 1991ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಇನ್ನೊಂದು ಸಂಗತಿ ಬಯಲಾಗಿತ್ತು: ಸ್ವಿಸ್ ಸರ್ಕಾರ ದಶಕಗಳ ಕಾಲ ಅವನ ಮೇಲೆ ಗುಟ್ಟಾಗಿ ಕಣ್ಣಿಟ್ಟು ಫೈಲ್ ಮಾಡಿತ್ತು. ಅವನು ಆ ಫೈಲ್ ತರಿಸಿಕೊಂಡು ಓದಿ, ತಪ್ಪುಗಳನ್ನು ಗುರುತು ಹಾಕಿದ. ಅವನು ಕಟ್ಟಿದ ಕೊಳದಲ್ಲಿ ಜ್ಯೂರಿಚ್‌ನ ಜನ ಬೇಸಿಗೆಯಲ್ಲಿ ಈಗಲೂ ಈಜ್ತಾರೆ.